ಅಪ್ಪಯ್ಯನ ಕಲ್ಲಿಗೆ ಲೊಕೇಶನ್ ಪಿನ್

ಬೇಗೂರು ಮುಖ್ಯರಸ್ತೆಯಲ್ಲಿ ನಾನು ಮೀನು ಕೊಳ್ಳುವ ಅಂಗಡಿಯ ಮುಂದೆ ಒಂದು ಕಪ್ಪು ಹಲಗೆ ಇದೆ. ಬಂಗುಡೆ, ಬೂತಾಯಿ, ಅಂಜಲ್, ಕಾಟ್ಲಾ, ರೋಹು ಎಂದೆಲ್ಲ ಸೀಮೆಸುಣ್ಣದಲ್ಲಿ ಬರೆದು, ಕೊನೆಯ ಸಾಲಿನಲ್ಲಿ ಮಾತ್ರ ಕೆಂಪಕ್ಷರದಲ್ಲಿ ‘ಇಂಡಿಯನ್ ಸಾಲ್ಮನ್’ ಎಂದು ಬರೆದಿರುತ್ತಾರೆ. ಅದು ನಮ್ಮ ರಾವಸ್. ಸಾಲ್ಮನ್ ಜೊತೆ ಅದಕ್ಕೆ ದೂರದ ನೆಂಟಸ್ತಿಕೆಯೂ ಇಲ್ಲ. ಸಾಲ್ಮನ್ ಹೊಳೆಯಲ್ಲಿ ಹುಟ್ಟಿ, ಕಡಲಲ್ಲಿ ಬೆಳೆದು, ಮತ್ತೆ ಹೊಳೆಗೆ ಮರಳಿ ಮೊಟ್ಟೆಯಿಡುವ ತಣ್ಣೀರಿನ ಮೀನು. ರಾವಸ್ ನಮ್ಮ ಅಳಿವೆ ಬಾಗಿಲಲ್ಲಿ, ಕೆಸರು ನೀರಿನಲ್ಲಿ ಮೀಸೆಯಂಥ ಎಳೆಗಳಿಂದ ತಡಕಾಡುತ್ತಾ ಸಿಗಡಿ ತಿನ್ನುವ ಮೀನು. ಆದರೆ ಸಾಲ್ಮನ್ ಅಂದರೆ ಎಲೆಕ್ಟ್ರಾನಿಕ್ ಸಿಟಿಯಿಂದ ಮನೆಗೆ ಮರಳುವವರು ಬೈಕ್ ನಿಲ್ಲಿಸುತ್ತಾರೆ, ರಾವಸ್ ಅಂದರೆ ನಿಲ್ಲಿಸುವುದಿಲ್ಲ. ಅಂಗಡಿಯವರನ್ನು ದೂರಿ ಪ್ರಯೋಜನವಿಲ್ಲ.

ಈ ಹಲಗೆಯ ಮುಂದೆಯೇ ನನಗೆ ಆ ಗೆಳೆಯನ ಪರಿಚಯವಾಗಿದ್ದು. “ಇದು ಸಾಲ್ಮನ್ ಅಲ್ಲ ಗುರು” ಎಂದು ಅಂಗಡಿಯವರ ಜೊತೆ ವಾದಕ್ಕೆ ನಿಂತಿದ್ದ. ಹಾಸನದ ಕಡೆಯವನು, ಕೆರೆ ಮೀನಿನಲ್ಲಿ ಬೆಳೆದವನು. ಸಾಫ್ಟ್‌ವೇರ್ ಕೆಲಸಕ್ಕೆಂದು ಮೂರು ವರ್ಷ ಕ್ಯಾಲಿಫೋರ್ನಿಯಾದಲ್ಲಿದ್ದು ವಾಪಸಾಗಿದ್ದ. ನಮ್ಮ ಮನೆಯ ಎದುರಿನ ಅಪಾರ್ಟ್‌ಮೆಂಟಿನಲ್ಲೇ ಇದ್ದಾನೆ ಎಂದು ಆಮೇಲೆ ತಿಳಿಯಿತು. ಅದರ ಪಾರ್ಕಿಂಗ್‌ನಲ್ಲಿ ಹಳದಿ ಬಣ್ಣದ, ಹನ್ನೊಂದು ಅಡಿ ಉದ್ದದ ಪ್ಲಾಸ್ಟಿಕ್ ದೋಣಿಯೊಂದು ಗೋಡೆಗೆ ಒರಗಿ ನಿಂತಿತ್ತು. ಕಯಾಕ್. ಕಡಲು ಕಾಣಬೇಕಾದರೆ ಮುನ್ನೂರಕ್ಕೂ ಹೆಚ್ಚು ಕಿಲೋಮೀಟರ್ ಹೋಗಬೇಕಾದ ಊರಲ್ಲಿ ಕಡಲಿನ ದೋಣಿ.

ಮುಂದೆ ಬರೆಯುವುದರಲ್ಲಿ ತಪ್ಪು ನನ್ನದೂ ಇದೆ. ಅದನ್ನು ಮೊದಲೇ ಹೇಳಿಬಿಡುತ್ತೇನೆ.

ಅವನು ಹೇಳುತ್ತಿದ್ದ ಕಥೆಗಳು ಚೆನ್ನಾಗಿರುತ್ತಿದ್ದವು. ಮಾಂಟೆರೆ ಕೊಲ್ಲಿಯಲ್ಲಿ ಬೆಳಕು ಹರಿಯುವ ಮೊದಲೇ ನೀರಿಗಿಳಿಯುವುದು, ಕೈ ಮರಗಟ್ಟುವ ಚಳಿ, ಕಡಲಪಾಚಿಯ ಕಾಡಿನ ಅಂಚಿನಲ್ಲಿ ನಿಂತು ತಳದ ಬಂಡೆಗಳಿಗೆ ಗಾಳ ಬಿಡುವುದು. ಅಲ್ಲಿ ಸಿಗುವುದು ರಾಕ್‌ಫಿಶ್, ಅಂದರೆ ಕಲ್ಲುಮೀನು. ಮೊಟ್ಟೆಯಿಡದೆ ನೇರವಾಗಿ ಸಾವಿರಾರು ಮರಿ ಹಾಕುವ ಜಾತಿ. ಅದರಲ್ಲಿ ಹಳದಿಗಣ್ಣಿನದು ನೂರು ವರ್ಷಕ್ಕೂ ಹೆಚ್ಚು ಬದುಕುತ್ತದೆ. ಇನ್ನೊಂದು ಲಿಂಗ್‌ಕಾಡ್. ಬಾಯಿ ತುಂಬ ಹಲ್ಲು. ಕೆಲವೊಮ್ಮೆ ಕತ್ತರಿಸಿದರೆ ಮಾಂಸ ನೀಲಿ, ಬೇಯಿಸಿದ ಮೇಲೆ ಬಿಳಿ. ಹೆಣ್ಣು ಮೊಟ್ಟೆಯಿಟ್ಟು ಹೋದರೆ ಒಡೆದು ಮರಿಯಾಗುವ ತನಕ ಕಾವಲು ಕಾಯುವುದು ಗಂಡು. ಸಾಲ್ಮನ್ ಮಾತ್ರ ಅವನಿಗೆ ಸಿಕ್ಕಿದ್ದು ಒಂದೇ ಸಲ. 2023 ಮತ್ತು 2024ರಲ್ಲಿ ಕ್ಯಾಲಿಫೋರ್ನಿಯಾದ ಕಡಲಲ್ಲಿ ಸಾಲ್ಮನ್ ಹಿಡಿಯುವುದನ್ನೇ ನಿಲ್ಲಿಸಿದ್ದರು, ವ್ಯಾಪಾರದವರಿಗೂ ಹವ್ಯಾಸದವರಿಗೂ. ಹೊಳೆಗೆ ಮರಳುವ ಮೀನಿನ ಲೆಕ್ಕ ಅಷ್ಟು ಕುಸಿದಿತ್ತು.

ನನ್ನ ಕಿವಿ ನೆಟ್ಟಗಾಗಿದ್ದು ಅವನು ಅಲ್ಲಿನ ನಿಯಮಗಳನ್ನು ಹೇಳುವಾಗ. ಹವ್ಯಾಸಕ್ಕೆ ಗಾಳ ಹಾಕಲಿಕ್ಕೂ ಲೈಸೆನ್ಸ್ ಬೇಕು. ಕಲ್ಲುಮೀನು ದಿನಕ್ಕೆ ಎಲ್ಲ ಜಾತಿಯೂ ಸೇರಿ ಹತ್ತು. ಲಿಂಗ್‌ಕಾಡ್ ಎರಡು, ಅದೂ 22 ಇಂಚಿಗಿಂತ ಚಿಕ್ಕದಿದ್ದರೆ ನೀರಿಗೆ. ಹಳದಿಗಣ್ಣಿನದು ಸಿಕ್ಕರೆ ಇಟ್ಟುಕೊಳ್ಳುವಂತೆಯೇ ಇಲ್ಲ. ಆಳದಿಂದ ಎಳೆದ ಮೀನಿನ ಹೊಟ್ಟೆಯೊಳಗಿನ ಗಾಳಿಚೀಲ ಉಬ್ಬಿ ಅದು ಮತ್ತೆ ಮುಳುಗಲಾರದೆ ಒದ್ದಾಡುತ್ತದೆ ಎಂದು, ಅದನ್ನು ತೂಕ ಕಟ್ಟಿ ಮರಳಿ ಆಳಕ್ಕೆ ಇಳಿಸಿ ಬಿಡುವ ಒಂದು ಸಾಧನವೇ ಇದೆ. ಒರೆಗಾನ್ ರಾಜ್ಯದಲ್ಲಿ ಅದನ್ನು ಜೊತೆಗಿಟ್ಟುಕೊಳ್ಳುವುದು ಕಡ್ಡಾಯ. ಇಷ್ಟೆಲ್ಲ ಮಾಡಿದ್ದು ಅವರೇನು ಹುಟ್ಟಾ ಒಳ್ಳೆಯವರು ಎಂದಲ್ಲ. ದಶಕಗಳ ಕಾಲ ಬಾಚಿ ಬಾಚಿ, 2000ದಲ್ಲಿ ಅಮೆರಿಕ ಸರ್ಕಾರವೇ ಪಶ್ಚಿಮ ಕರಾವಳಿಯ ತಳಮೀನುಗಾರಿಕೆಯನ್ನು ವಿಪತ್ತು ಎಂದು ಘೋಷಿಸಬೇಕಾಯಿತು. ಆಮೇಲೆ ಬಿಗಿ ಮಾಡಿದರು. ಲಿಂಗ್‌ಕಾಡ್ 2005ರ ಹೊತ್ತಿಗೆ ಚೇತರಿಸಿಕೊಂಡಿತು. ಕೆಲವು ಕಲ್ಲುಮೀನುಗಳಿಗೆ ಇನ್ನೂ ಹೆಚ್ಚು ಕಾಲ ಬೇಕಾಯಿತು.

“ನಿಮ್ಮೂರ ಕಡೆ ಹಿಂಗೆ ಕಯಾಕಲ್ಲಿ ಗಾಳ ಹಾಕಬಹುದಾ?” ಎಂದು ಕೇಳಿದ. ಬನ್ನಿ ಎಂದೆ. ಹಾಗೆ ನೋಡಿದರೆ ನಮ್ಮೂರಲ್ಲಿ ಅದೇನು ಹೊಸತೇ?

ನಮ್ಮ ಮನೆ ಕುಂದಾಪುರದ ಬಡಗಿಗೆ, ಕಡಲಿಗೂ ಹೊಳೆಗೂ ನಡುವಿನ ತುಂಡು ನೆಲದಲ್ಲಿ. ಅಪ್ಪಯ್ಯ ಗಾಳದ ಮೀನುಗಾರ. ನಮ್ಮ ಕೇರಿಯಲ್ಲಿ ಹೆಚ್ಚಿನವರು ಬಲೆಗೆ, ಬೋಟಿಗೆ ಹೋದವರು. ಗಾಳಕ್ಕೇ ಅಂಟಿಕೊಂಡ ನಾಲ್ಕೇ ಮನೆ ಉಳಿದಿವೆ. ಅಪ್ಪಯ್ಯನ ಮೊದಲ ದೋಣಿ ಮರದ ಪಾತಿ. ಒಬ್ಬ ಕೂತರೆ ತುಂಬಿತು, ಇಬ್ಬರು ಕೂತರೆ ಹೆಚ್ಚಾಯಿತು. ಹುಟ್ಟು ಹಾಕುತ್ತಾ ಹೋಗಿ, ಕೈಯಲ್ಲಿ ದಾರ ಹಿಡಿದು, ಬೆರಳಿನ ತುದಿಯಲ್ಲಿ ಮೀನಿನ ಮುಟ್ಟುವಿಕೆ ಕೇಳಿ, ಒಂದೊಂದಾಗಿ ಎಳೆದು ತರುವುದು. ಕಯಾಕ್ ಫಿಶಿಂಗ್ ಎಂದು ಈಗ ಯಾವುದಕ್ಕೆ ಹೆಸರಿಟ್ಟಿದ್ದಾರೋ ಅದೇ. ರಾಡ್ ಇರಲಿಲ್ಲ, ರೀಲ್ ಇರಲಿಲ್ಲ, ಲೈಫ್ ಜಾಕೆಟ್ ಇರಲಿಲ್ಲ, ಫೋಟೋ ತೆಗೆಯುವವರೂ ಇರಲಿಲ್ಲ. ಈಗ ಫೈಬರ್ ದೋಣಿ, ಹಿಂದೆ ಸಣ್ಣ ಇಂಜಿನ್. ದಾರ ಮಾತ್ರ ಇವತ್ತಿಗೂ ಕೈಯಲ್ಲೇ. ತೋರುಬೆರಳಿನ ಮಡಿಕೆಯಲ್ಲಿ ದಾರ ಕೊಯ್ದು ಕೊಯ್ದು ಗೀರು ಬಿದ್ದಿದೆ. ನಾನು ಚಿಕ್ಕವನಿದ್ದಾಗ ಅದನ್ನು ಅಪ್ಪಯ್ಯನ ಹುಟ್ಟುಗುರುತು ಅಂದುಕೊಂಡಿದ್ದೆ.

ಕಳೆದ ಡಿಸೆಂಬರಿನ ಒಂದು ಶುಕ್ರವಾರ ರಾತ್ರಿ ಬೇಗೂರಿನಿಂದ ಹೊರಟೆವು. ಕಾರಿನ ತಲೆಯ ಮೇಲೆ ಕಯಾಕ್. ದಾರಿಯುದ್ದಕ್ಕೂ ಟೋಲ್‌ನವರು, ಟೀ ಅಂಗಡಿಯವರು ಏನಿದು ಎಂದು ಕೇಳುವುದು, ಇವನು ಹೇಳುವುದು. ಬೆಳಿಗ್ಗೆ ಅಂಗಳದಲ್ಲಿ ಇಳಿಸಿದಾಗ ಅಪ್ಪಯ್ಯ ಸುತ್ತ ಒಂದು ಸುತ್ತು ಬಂದು, ಕೈಯಲ್ಲಿ ತಟ್ಟಿ ನೋಡಿ, ನನ್ನ ಕಿವಿಯ ಹತ್ತಿರ ಹೇಳಿದ್ದು ಇಷ್ಟು: “ಇದ್ರಂಗೆ ಕೂತ್ರೆ ಕುಂಡಿ ನೀರಂಗೇ ಇರತ್ತಲ್ದಾ ಮಗಾ?”

ಅಳಿವೆಯಲ್ಲಿ ನೀರು ಇಳಿಯುವ ಹೊತ್ತಿಗೆ ಹೊರಡಬಾರದು, ಭರತ ಬರಲಿ ಎಂದು ಅಪ್ಪಯ್ಯ ಕೂರಿಸಿದರು. ಗೆಳೆಯನ ಫೋನಿನ ಆ್ಯಪ್‌ನಲ್ಲಿ ಗಾಳಿ ಚೆನ್ನಾಗಿದೆ ಎಂದಿತ್ತು. ಗಾಳಿ ಅಲ್ಲ, ನೀರು ನೋಡಬೇಕು. ಹೊಳೆಯ ನೀರು ಕಡಲಿಗೆ ನುಗ್ಗುವಾಗ ಎದುರಿನ ತೆರೆಗೆ ಬಡಿದು ಎದ್ದು ನಿಲ್ಲುತ್ತದೆ. ನಮ್ಮ ಕರಾವಳಿಯಲ್ಲಿ ನಾಡದೋಣಿ ಮಗುಚುವುದು ನಡುಕಡಲಿಗಿಂತ ಹೆಚ್ಚಾಗಿ ಈ ಬಾಗಿಲಲ್ಲೇ. ಎರಡು ತಾಸು ಕಾದು ಹೊರಟೆವು. ಅವನು ಕಯಾಕಿನಲ್ಲಿ, ನಾವು ಹಿಂದೆ ದೋಣಿಯಲ್ಲಿ.

ಅಪ್ಪಯ್ಯ ಅವನನ್ನು ಕಲ್ಲಿಗೆ ಕರೆದೊಯ್ದರು.

ಈ ಕಲ್ಲಿನ ವಿಷಯ ಸ್ವಲ್ಪ ಬಿಡಿಸಿ ಹೇಳಬೇಕು. ನಮ್ಮ ಕಡಲ ತಳ ಹೆಚ್ಚಿನ ಕಡೆ ಕೆಸರು, ಮರಳು. ಅಲ್ಲಲ್ಲಿ ಬಂಡೆಗಳಿವೆ. ಮೇಲಿನಿಂದ ಏನೂ ಕಾಣುವುದಿಲ್ಲ, ಎಲ್ಲ ನೀರೂ ಒಂದೇ. ಆದರೆ ಆ ಬಂಡೆಯ ಸಂದುಗಳಲ್ಲಿ ಮುರು ಇರುತ್ತದೆ, ಕೆಂಬೇರಿ ಇರುತ್ತದೆ. ಅಮೆರಿಕದವರ ಕಲ್ಲುಮೀನಿನ ಜಾಗದಲ್ಲಿ ನಮಗೆ ಮುರು ಎಂದುಕೊಳ್ಳಿ. ಜಾತಿ ಬೇರೆ, ಬದುಕುವ ಬಗೆ ಒಂದೇ: ಒಂದು ಸಂದು ಹಿಡಿದರೆ ಅಲ್ಲೇ ಇರುವುದು, ನಿಧಾನ ಬೆಳೆಯುವುದು. ಆ ಕಲ್ಲನ್ನು ಹುಡುಕುವುದು ಹೇಗೆ? ಮೂಡು ದಿಕ್ಕಿಗೆ ನೋಡಿದರೆ ದೇವಸ್ಥಾನದ ಹಿಂದಿನ ತೆಂಗಿನ ಸಾಲು ಕೊಡಚಾದ್ರಿಯ ಇಂಥ ಏಣಿನ ಕೆಳಗೆ ಬರಬೇಕು. ಬಡಗಿಗೆ ನೋಡಿದರೆ ಗುಡ್ಡದ ಮೂಗಿನಿಂದ ಆಚೆ ಇನ್ನೊಂದು ಗುಡ್ಡ ಬೆರಳಗಲ ಇಣುಕಬೇಕು. ಎರಡೂ ಒಟ್ಟಿಗೆ ಕೂಡಿದಲ್ಲಿ ಸೀಸದ ಗುಂಡು ಬಿಟ್ಟರೆ ಆರೇಳು ಮಾರಿಗೆ ‘ಟಕ್’ ಎನ್ನುತ್ತದೆ. ಮಂಜು ಮುಸುಕಿದ ದಿನ ಕೊಡಚಾದ್ರಿ ಕಾಣದಿದ್ದರೆ ಅಂದು ಆ ಕಲ್ಲೂ ಇಲ್ಲ.

ಈ ಗುರುತು ಅಪ್ಪಯ್ಯನಿಗೆ ಅಜ್ಜಯ್ಯ ಕೊಟ್ಟದ್ದು. ಜಮೀನಿನ ಪಹಣಿಯಂತೆ ಬರೆದಿಟ್ಟದ್ದಲ್ಲ, ದೋಣಿಯಲ್ಲಿ ಕೂರಿಸಿಕೊಂಡು ತೋರಿಸಿದ್ದು. ನಾಲ್ಕು ಗಾಳದ ಮನೆಗಳ ನಡುವೆ ಮಾತಿಲ್ಲದ ಒಪ್ಪಂದವೂ ಇದೆ. ಒಬ್ಬರು ಕಲ್ಲಿನ ಮೇಲೆ ನಿಂತಿದ್ದರೆ ಇನ್ನೊಬ್ಬರು ಬರುವುದಿಲ್ಲ. ನಾಲ್ಕು ದಿನ ಹಿಡಿದ ಕಲ್ಲನ್ನು ಹದಿನೈದು ದಿನ ಬಿಡುವುದು. ಮೀನು ‘ಕೂತುಕೊಳ್ಳಬೇಕು’ ಎನ್ನುತ್ತಾರೆ.

ಆ ದಿನ ಗೆಳೆಯನಿಗೆ ಏಳು ಕಿಲೋ ತೂಗುವ ಮುರು ಸಿಕ್ಕಿತು. ಕಯಾಕನ್ನೇ ಒಂದಷ್ಟು ದೂರ ಎಳೆದಾಡಿತು. ಅವನ ಖುಷಿ ನೋಡಿ ಅಪ್ಪಯ್ಯನೂ ನಕ್ಕರು. ಫೋಟೋ ತೆಗೆದಿದ್ದು ನಾನೇ. ಅವನ ಕಯಾಕಿನ ಮುಂದೆ ಫೋನಿನಷ್ಟು ದೊಡ್ಡ ಒಂದು ತೆರೆ ಇತ್ತು, ಫಿಶ್ ಫೈಂಡರ್. ತಳದ ಬಂಡೆ ಅದರಲ್ಲಿ ಹಲ್ಲಿನ ಸಾಲಿನಂತೆ ಕಾಣುತ್ತಿತ್ತು. ಅವನು ಒಂದು ಗುಂಡಿ ಒತ್ತಿದ. ಬೀಪ್ ಎಂದಿತು. ಅಜ್ಜಯ್ಯನಿಂದ ಬಂದ ಕಲ್ಲು ಪಿನ್ ಆಯಿತು.

ಆ ಕ್ಷಣಕ್ಕೆ ನನಗೇನೂ ಅನಿಸಲಿಲ್ಲ. ನಿಜ ಹೇಳುತ್ತೇನೆ, ಏನೂ ಅನಿಸಲಿಲ್ಲ. ಅದಕ್ಕಿಂತ ಕೆಟ್ಟದ್ದೆಂದರೆ, ಬೆಂಗಳೂರಿಗೆ ಮರಳಿದ ಮೇಲೆ ನಾನೇ ಕೆಲಸದ ಜಾಗದಲ್ಲಿ ಒಂದು ಪ್ರವಾಸದ ಬರಹ ಬರೆದೆ. ನಮ್ಮಲ್ಲಿ ಹಲವರು ಪತ್ರಿಕೋದ್ಯಮ ಓದಿ ಈಗ ಮಾಡುತ್ತಿರುವುದು ಅದೇ ಕೆಲಸವಲ್ಲವೇ, ಕಂಟೆಂಟ್. ‘ಕರಾವಳಿಯಲ್ಲಿ ಯಾರಿಗೂ ಗೊತ್ತಿಲ್ಲದ ಜಾಗಗಳು’ ಎಂಬ ಧಾಟಿಯದ್ದು. ಅದರಲ್ಲಿ ನಮ್ಮೂರ ಹೆಸರು ಹಾಕಿದೆ. ಯಾರಿಗೂ ಗೊತ್ತಿಲ್ಲದ ಎಂದರೆ ಯಾರಿಗೆ? ನಾಲ್ಕು ಮನೆಗೆ ಗೊತ್ತಿತ್ತು. ಹಳ್ಳಿಯ ಸುದ್ದಿ ಹೇಗೆ ಬರೆಯಬೇಕೆಂದು ಎರಡು ವರ್ಷ ಕಲಿತವನು ನಾನು.

ಗೆಳೆಯ ಫೋಟೋದ ಜೊತೆ ಪಿನ್ನನ್ನೂ ತನ್ನ ಗಾಳದವರ ವಾಟ್ಸಾಪ್ ಗುಂಪಿಗೆ ಹಾಕಿದ್ದ. ಕೆಟ್ಟ ಉದ್ದೇಶ ಖಂಡಿತ ಇರಲಿಲ್ಲ. ನಾವು ಒಳ್ಳೆಯ ಹೋಟೆಲಿನ ವಿಳಾಸ ಕಳಿಸುವುದಿಲ್ಲವೇ, ಹಾಗೆ. ಎರಡು ವಾರ ಕಳೆದು ಒಂದು ಭಾನುವಾರ ಐದು ಕಯಾಕ್ ಬಂದವು. ಮುಂದಿನ ವಾರ ಬಾಡಿಗೆ ದೋಣಿಯೊಂದರಲ್ಲಿ ರಾಡ್ ಹಿಡಿದವರು ಬಂದರು. ಹೀಗೆ ನಾಲ್ಕೈದು ವಾರ. ಆಮೇಲೆ ಅಪ್ಪಯ್ಯ ಕಲ್ಲಿಗೆ ಹೋದರೆ ಅಂಗೈಯಷ್ಟು ಉದ್ದದ ಮರಿ ಮುರು ಬಿಟ್ಟರೆ ಬೇರೆ ಏನೂ ಬರಲಿಲ್ಲ. ಅವರು ಹಿಡಿದಿದ್ದರಿಂದಲೇ ಹೀಗಾಯಿತು ಎಂದು ನಾನು ಸಾಬೀತು ಮಾಡಲಾರೆ. ನೀರು ಬಿಸಿಯಾಗಿತ್ತೋ, ಮೀನು ಆಳಕ್ಕೆ ಹೋಗಿತ್ತೋ. ಅಪ್ಪಯ್ಯನೂ ಯಾರನ್ನೂ ಬೈಯಲಿಲ್ಲ. ಫೋನಿನಲ್ಲಿ ಅವರು ಹೇಳಿದ ಮಾತು ಒಂದೇ: “ಈ ಕಲ್ಲಂಗೆ ಅಷ್ಟ್ ದೊಡ್ಡ್ ಮುರು ಇನ್ನ್ ಎಷ್ಟಿತ್ತ್ ಅಂದೇಳಿ ಅವ್ರಿಗ್ ಗೊತ್ತಿತ್ತಾ?”

ಆ ಪ್ರಶ್ನೆಗೆ ಉತ್ತರ ಹುಡುಕುತ್ತಾ ಹೋದಾಗ ನಾನು ನಂಬಿಕೊಂಡಿದ್ದ ಒಂದು ಮಾತು ಮುರಿದುಬಿತ್ತು. ಗಾಳದಿಂದ ಕಡಲಿಗೆ ಏನೂ ಆಗುವುದಿಲ್ಲ, ಒಂದೊಂದೇ ಮೀನು ತಾನೇ, ಎನ್ನುವ ಮಾತು. ಅದು ಅರ್ಧ ನಿಜ. ಮುರುವಿನ ಜಾತಿಯಲ್ಲಿ ಹೆಚ್ಚಿನವು ಹೆಣ್ಣಾಗಿ ಬೆಳೆದು, ವಯಸ್ಸಾಗಿ ದೊಡ್ಡದಾದ ಮೇಲೆ ಕೆಲವು ಗಂಡಾಗಿ ಬದಲಾಗುತ್ತವೆ. ಅಂದರೆ ಒಂದು ಕಲ್ಲಿನ ಅತಿ ದೊಡ್ಡ ಮುರು ಆ ಕಲ್ಲಿನ ಗಂಡು ಆಗಿರುವ ಸಾಧ್ಯತೆಯೇ ಹೆಚ್ಚು. ಫೋಟೋಗೆ ಬೇಕಾದ ಮೀನೂ ಅದೇ. ರಾವಸ್‌ನದು ತಿರುಗಾಮುರುಗಾ: ಮೊದಲು ಗಂಡು, ಆಮೇಲೆ ಹೆಣ್ಣು. ಅಲ್ಲಿ ದೊಡ್ಡದು ಹೋದರೆ ತಾಯಿ ಹೋದಂತೆ. ಹಾಗಾಗಿ ಬಲೆ ಹಾಕುವವರಿಗೆ ಹೇಳುವಂತೆ ‘ಚಿಕ್ಕದನ್ನು ಬಿಡಿ’ ಎಂದಷ್ಟೇ ಹೇಳಿದರೆ ಗಾಳದ ಹವ್ಯಾಸಕ್ಕೆ ಸಾಲದು. ಕೇರಳ 2015ರಲ್ಲೇ ಕೆಲವು ಜಾತಿಗಳಿಗೆ ಕನಿಷ್ಠ ಗಾತ್ರ ಗೊತ್ತು ಮಾಡಿತು, ಒಳ್ಳೆಯದೇ. ಆದರೆ ಕಲ್ಲಿನ ಮೀನಿಗೆ ಮೇಲಿನ ಮಿತಿಯೂ ಬೇಕು. ಇಷ್ಟಕ್ಕಿಂತ ದೊಡ್ಡದಾದರೆ ಅಳೆದು, ಬೇಕಿದ್ದರೆ ಫೋಟೋ ತೆಗೆದು, ಬಿಡಬೇಕು. ಅಪ್ಪಯ್ಯನಿಗೆ ಇದನ್ನು ಹೇಳಿ ನೋಡಿದೆ. ಏಳು ಕಿಲೋ ಮೀನನ್ನು ಬಿಡುವುದೆಂದರೆ ಅವರಿಗೆ ಒಂದು ವಾರದ ಸಾಮಾನು ಬಿಟ್ಟಂತೆ. ಅವರನ್ನು ಕೇಳುವ ಮೊದಲು ಕೇಳಬೇಕಾದ್ದು ಆ ಮೀನು ಇಲ್ಲದೆಯೂ ಸೋಮವಾರ ಸಂಬಳ ಬರುವವರನ್ನು.

ಇದನ್ನು ಗೆಳೆಯನ ಮುಂದಿಟ್ಟಾಗ ಅವನು ಸುಮ್ಮನೆ ಕೇಳಿಸಿಕೊಳ್ಳಲಿಲ್ಲ. ಅವನ ವಾದದಲ್ಲೂ ಹುರುಳಿದೆ. ಟ್ರಾಲರ್‌ಗಳು ಒಂದು ರಾತ್ರಿಯಲ್ಲಿ ಬಾಚುವುದರ ಮುಂದೆ ನಮ್ಮ ಐದು ಕಯಾಕ್ ಯಾವ ಲೆಕ್ಕ, ಎಂದ. ಎಲ್‌ಇಡಿ ದೀಪ ಉರಿಸಿ ಮೀನು ಸೆಳೆದು ಹಿಡಿಯುವುದನ್ನು ಕೇಂದ್ರ ಸರ್ಕಾರ 2017ರ ನವೆಂಬರಿನಲ್ಲೇ ನಿಷೇಧಿಸಿದೆ, ಆ ಬಗ್ಗೆ ದೂರುಗಳು ಇವತ್ತಿಗೂ ನಿಂತಿಲ್ಲ. ಅವರನ್ನು ಬಿಟ್ಟು ನನ್ನನ್ನು ಹಿಡಿಯುತ್ತೀಯಾ, ಎಂದ. ಕಡಲು ನಿಮ್ಮಪ್ಪನದಾ, ಎಂದೂ ಕೇಳಿದ, ನಗುತ್ತಲೇ.

ಮೊದಲನೆಯದಕ್ಕೆ ನನ್ನ ಉತ್ತರ ಇದು. ಟ್ರಾಲ್ ಬಲೆ ತಳವನ್ನು ಕೆರೆಯುತ್ತಾ ಹೋಗುತ್ತದೆ. ಕಲ್ಲು ಸಿಕ್ಕರೆ ಬಲೆ ಹರಿದು ಲಕ್ಷಾಂತರ ರೂಪಾಯಿ ನಷ್ಟ. ಅದಕ್ಕೇ ಬೋಟಿನವರು ಕಲ್ಲು ಕಂಡರೆ ತಪ್ಪಿಸಿಕೊಂಡು ಹೋಗುತ್ತಾರೆ. ಇಷ್ಟು ವರ್ಷ ಆ ಮೀನು ಉಳಿದಿದ್ದು ಯಾರದೋ ಕರುಣೆಯಿಂದಲ್ಲ, ಬಲೆ ಹೋಗಲಾರದ ಜಾಗದಲ್ಲಿ ಇದ್ದುದರಿಂದ. ಕಯಾಕ್ ಹುಡುಕಿಕೊಂಡು ಬರುವುದು ಸರಿಯಾಗಿ ಆ ಜಾಗಕ್ಕೇ. ದೊಡ್ಡವರು ಬಿಟ್ಟ ಕೊನೆಯ ಮೂಲೆಗೆ ಸಣ್ಣದಾಗಿ ನುಗ್ಗುವುದನ್ನು ದೊಡ್ಡವರ ಲೆಕ್ಕಕ್ಕೆ ಹೋಲಿಸಿ ಏನು ಬಂತು? ಕಲ್ಲು ದೊಡ್ಡದೆಂದರೆ ನಮ್ಮ ಕೇರಿಯಷ್ಟು.

ಸಣ್ಣವರ ಮೇಲೆ ದೊಡ್ಡವರು ಬಂದ ಕಥೆ ನಮ್ಮ ಕಡಲಿಗೆ ಹೊಸತಲ್ಲ. ಎಪ್ಪತ್ತರ ದಶಕದ ತನಕ ಈ ತೀರದಲ್ಲಿ ರಂಪಣಿ ಇತ್ತು. ಊರಿಗೆ ಊರೇ ನಿಂತು ದಡದಿಂದ ಎಳೆಯುವ ಬಲೆ, ಹಂಚಿಕೊಳ್ಳುವ ಪಾಲು. ಆ ದಶಕದ ನಡುವಿನಲ್ಲಿ ಪರ್ಸೀನ್ ಬೋಟುಗಳು ಬಂದು ಬಂಗುಡೆ, ಬೂತಾಯಿಯ ಹಿಂಡನ್ನು ದಡಕ್ಕೆ ಬರುವ ಮೊದಲೇ ಸುತ್ತುಗಟ್ಟಿದವು. ಕೆಲವೇ ವರ್ಷಗಳಲ್ಲಿ ರಂಪಣಿ ಎದ್ದುಹೋಯಿತು, ಬಲೆ ಎಳೆಯುತ್ತಿದ್ದವರು ಬೋಟಿನ ಕೂಲಿಯಾದರು. ಅಂಥ ಜಗಳಗಳ ಹಿನ್ನೆಲೆಯಲ್ಲೇ 1986ರ ಕರ್ನಾಟಕ ಕಡಲ ಮೀನುಗಾರಿಕೆ ನಿಯಂತ್ರಣ ಕಾಯ್ದೆ ಬಂದದ್ದು. ಅದನ್ನು ಬರೆದವರ ಕಣ್ಣ ಮುಂದೆ ಇದ್ದದ್ದು ಟ್ರಾಲರ್, ಪರ್ಸೀನ್, ನಾಡದೋಣಿ. ಶುಕ್ರವಾರ ರಾತ್ರಿ ಬೇಗೂರಿನಿಂದ ಕಾರಿನ ತಲೆಯ ಮೇಲೆ ಹೊರಡುವ ಹಳದಿ ದೋಣಿ ಆಗ ಯಾರ ಕನಸಿನಲ್ಲೂ ಇರಲಿಲ್ಲ.

ಮಳೆಗಾಲದ ರಜೆಯನ್ನೇ ನೋಡಿ. ಜೂನ್ 1ರಿಂದ ಜುಲೈ 31ರ ತನಕ 61 ದಿನ ಯಾಂತ್ರಿಕ ದೋಣಿಗಳು ಇಳಿಯುವಂತಿಲ್ಲ. ಹತ್ತು ಅಶ್ವಶಕ್ತಿಯೊಳಗಿನ ಇಂಜಿನ್ ಇರುವ ನಾಡದೋಣಿಗೆ ವಿನಾಯಿತಿ. ಇದು ಬಡವನಿಗೆ ಕೊಟ್ಟ ಅವಕಾಶ, ಒಪ್ಪುತ್ತೇನೆ. ಆದರೆ ವರ್ಷದಲ್ಲೇ ಕಡಲು ಅತಿ ಸಿಟ್ಟಾಗಿರುವ ಎರಡು ತಿಂಗಳು ಅತಿ ಸಣ್ಣ ದೋಣಿಗೆ ಮಾತ್ರ ಬಾಗಿಲು ತೆರೆದಿರುತ್ತದೆ ಎನ್ನುವುದು ನಮ್ಮ ಕೇರಿಯ ಹೆಂಗಸರಿಗೆ ಗೊತ್ತಿರುವಷ್ಟು ಬೇರೆ ಯಾರಿಗೂ ಗೊತ್ತಿಲ್ಲ. ಆ ವಿನಾಯಿತಿಯ ಬಾಗಿಲಿನಿಂದಲೇ ಇಂಜಿನ್ ಇಲ್ಲದ ಕಯಾಕೂ ನುಸುಳಬಾರದು. ಅಪ್ಪಯ್ಯ ಜೂನ್‌ನಲ್ಲಿ ಅಳಿವೆ ದಾಟುವುದು ಅಕ್ಕಿಗೆ. ಲೈಕಿಗಾಗಿ ದಾಟಿದವನು ಮಗುಚಿದರೆ ಎಳೆದು ತರಲು ಹೋಗುವವರೂ ಅವರೇ.

ಕಡಲು ನಿಮ್ಮಪ್ಪನದಾ ಎನ್ನುವುದಕ್ಕೆ ಉತ್ತರ ಕಷ್ಟ. ಅಲ್ಲ. ಗಾಳ ಹಾಕುವ ಹಕ್ಕು ಇಂಥ ಜಾತಿಗೆ, ಇಂಥ ಕೇರಿಗೆ ಮಾತ್ರ ಎಂದು ಹೇಳುವವರ ಸಾಲಿನಲ್ಲಿ ನಾನು ನಿಲ್ಲುವುದಿಲ್ಲ. ಹಾಸನದ ಹುಡುಗನೊಬ್ಬ ಕಡಲು ನೋಡಿ ಮರುಳಾದರೆ ನನಗೆ ಸಂತೋಷವೇ. ಹವ್ಯಾಸದವರು ಬಂದರೆ ಕೆಡುಕೇ ಆಗುತ್ತದೆ ಎಂದೂ ಇಲ್ಲ. ನಮ್ಮದೇ ರಾಜ್ಯದಲ್ಲಿ ಕಾವೇರಿಯ ಉದಾಹರಣೆ ಇದೆ. 1946ರಲ್ಲಿ ಕಬಿನಿಯಲ್ಲಿ ವ್ಯಾನ್ ಇಂಗನ್ ಮನೆತನದವರೊಬ್ಬರು 120 ಪೌಂಡಿನ ಮಹಸೀರ್ ಹಿಡಿದದ್ದು ಇವತ್ತಿಗೂ ಗಾಳದವರ ಬಾಯಲ್ಲಿದೆ. ಮುಂದೆ ಭೀಮೇಶ್ವರಿ, ಗಾಲಿಬೋರೆ, ದೊಡ್ಡಮಾಕಳಿಯ ಶಿಬಿರಗಳಲ್ಲಿ ಹಿಡಿದ ಮಹಸೀರನ್ನು ತೂಗಿ ಬಿಡುವ ಪದ್ಧತಿ ಬಂತು. ಹೊಳೆಗೆ ಸಿಡಿಮದ್ದು ಹಾಕುತ್ತಿದ್ದವರಲ್ಲಿ ಕೆಲವರು ಅಲ್ಲೇ ಗೈಡುಗಳಾದರು, ಕಾವಲುಗಾರರಾದರು. ವನ್ಯಧಾಮದೊಳಗೆ ಗಾಳ ಕೂಡದು ಎಂದು ಅದು ನಿಂತ ಮೇಲೆ, ಕಾಯುವವರು ಹೋದರು, ಸಿಡಿಮದ್ದು ಮರಳಿತು ಎಂದು ಗಾಳದವರು ಇಂದಿಗೂ ವಾದಿಸುತ್ತಾರೆ. ಕಾವೇರಿಯ ಆ ಡುಬ್ಬದ ಮಹಸೀರ್ 2018ರಲ್ಲಿ ಅಳಿವಿನ ತೀವ್ರ ಅಪಾಯದಲ್ಲಿರುವ ಜೀವಿಗಳ ಕೆಂಪು ಪಟ್ಟಿಗೆ ಸೇರಿತು. ಕಾನೂನು ಸರಿಯೋ ಗಾಳದವರು ಸರಿಯೋ ಎಂಬ ತೀರ್ಪು ನನ್ನಿಂದಾಗದು. ಆದರೆ ಆ ಶಿಬಿರಗಳಲ್ಲಿ ಒಂದು ಸಂಗತಿ ಇತ್ತು: ಹೊಳೆ ಗೊತ್ತಿದ್ದ ಸ್ಥಳೀಯ ಇಲ್ಲದೆ ಹೊರಗಿನವನು ಗಾಳ ಹಾಕುತ್ತಿರಲಿಲ್ಲ, ಆ ಸ್ಥಳೀಯನಿಗೆ ಅದರಿಂದ ಸಂಬಳ ಬರುತ್ತಿತ್ತು.

ನಾನು ಕೇಳುವುದೂ ಅಷ್ಟೇ. ಕರಾವಳಿಯಲ್ಲಿ ಕಯಾಕ್ ಈಗಾಗಲೇ ಇದೆ. ಸಾಲಿಗ್ರಾಮದ ಹಿನ್ನೀರಿನಲ್ಲಿ ಕಾಂಡ್ಲಾ ಕಾಡಿನ ನಡುವೆ ಹುಟ್ಟು ಹಾಕಿಸುತ್ತಾರೆ, ಜನ ಬರುತ್ತಾರೆ, ಊರಿನವರಿಗೆ ನಾಲ್ಕು ಕಾಸು ಸಿಗುತ್ತದೆ. ಮುಂದಿನ ಹೆಜ್ಜೆ ಕಡಲಿನ ಗಾಳ, ಪ್ಯಾಕೇಜ್ ಆಗಿ. ಅದು ಬರುವ ಮೊದಲೇ ನಿಯಮ ಬರಬೇಕು, ಮತ್ತು ಆ ನಿಯಮವನ್ನು ಬೆಂಗಳೂರಿನ ಕಚೇರಿಯಲ್ಲಿ ಬರೆಯದೆ ಗಾಳದ ಮನೆಗಳವರನ್ನು ಕೂರಿಸಿಕೊಂಡು ಬರೆಯಬೇಕು. ಹವ್ಯಾಸಕ್ಕೆ ಇಳಿಯುವವನಿಗೆ ಹೆಸರು ನೋಂದಾಯಿಸಿದ ಚೀಟಿ ಇರಲಿ. ದಿನಕ್ಕೆ ಎರಡೋ ಮೂರೋ ಮೀನು, ಹಿಡಿದದ್ದನ್ನು ಮಾರುವಂತಿಲ್ಲ. ಮಳೆಗಾಲದಲ್ಲಿ ಇಳಿಯುವಂತಿಲ್ಲ. ಕಲ್ಲಿಗೆ ಹೋಗುವುದಾದರೆ ಊರಿನ ಗಾಳದವನ ದೋಣಿಯ ಜೊತೆಗೇ ಹೋಗಬೇಕು, ಅವನಿಗೆ ದಿನದ ದುಡ್ಡು ಕೊಡಬೇಕು. ಯಾವ ಕಲ್ಲು ಈಗ ‘ಕೂತುಕೊಳ್ಳಬೇಕು’ ಎಂದು ಹೇಳುವುದು ಅವನು. ಕ್ಯಾಲಿಫೋರ್ನಿಯಾದಲ್ಲಿ ಇಂಚುಪಟ್ಟಿ ಹಿಡಿದು ಲಿಂಗ್‌ಕಾಡ್ ಅಳೆದು ಬಿಡುತ್ತಿದ್ದವನಿಗೆ ಇದು ಭಾರವಾಗಬಾರದು. ಅಲ್ಲಿ ಅವನು ಒಳ್ಳೆಯವನಾಗಿದ್ದದ್ದು ದಂಡದ ಭಯಕ್ಕೆ ಮಾತ್ರವೇ ಎಂದು ನಾನು ಕೇಳಿದ್ದೆ. ಅವನಿಗೆ ಸಿಟ್ಟು ಬಂತು. ಆಮೇಲೆ ಸ್ವಲ್ಪ ಹೊತ್ತು ಬಿಟ್ಟು, “ಅರ್ಧ ಹಂಗೇ ಅಂದ್ಕೊ” ಎಂದ.

ಪಿನ್ ವಿಷಯಕ್ಕೆ ಮಾತ್ರ ಯಾವ ಕಾಯ್ದೆಯೂ ನೆರವಾಗದು. ಅದು ಹಂಚುವವನ ಕೈಯಲ್ಲಿದೆ, ಬರೆಯುವ ನಮ್ಮ ಕೈಯಲ್ಲೂ ಇದೆ. ಈ ಬಳಗದಲ್ಲಿ ಬರೆಯುವವರೆಲ್ಲ ಒಂದಲ್ಲ ಒಂದು ಊರಿನ ಗುಟ್ಟು ಗೊತ್ತಿರುವವರು. ಯಾವ ಮರಕ್ಕೆ ಜೇನು ಕಟ್ಟುತ್ತದೆ, ಯಾವ ಗುಡ್ಡದಲ್ಲಿ ಅಣಬೆ ಏಳುತ್ತದೆ, ಯಾವ ಮಡುವಿನಲ್ಲಿ ಮೀನು ತಂಗುತ್ತದೆ. ಊರನ್ನು ಬರೆಯಬೇಕು, ಆದರೆ ಕಲ್ಲಿನ ಗುರುತು ಬರೆಯಬೇಕಿಲ್ಲ. ನನ್ನ ಆ ಪ್ರವಾಸದ ಬರಹದಿಂದ ಊರಿನ ಹೆಸರು ತೆಗೆಸಲು ಮೂರು ಇಮೇಲ್ ಬರೆಯಬೇಕಾಯಿತು. ಅಷ್ಟರಲ್ಲಿ ಅದು ಬೇರೆ ನಾಲ್ಕು ಕಡೆ ನಕಲಾಗಿತ್ತು.

ಬೇಗೂರು ಕೆರೆಯ ಏರಿಯ ಮೇಲೆ ಸಂಜೆ ವಾಕಿಂಗ್ ಹೋದಾಗ ಇನ್ನೊಂದು ಬಗೆಯ ಗಾಳದವರು ಕಾಣುತ್ತಾರೆ. ಕಟ್ಟಡದ ಕೆಲಸ ಮುಗಿಸಿ ಬಂದ ಹುಡುಗರು ನೀರಿನ ಬಾಟಲಿಗೆ ದಾರ ಸುತ್ತಿಕೊಂಡು, ಚಪಾತಿ ಹಿಟ್ಟಿನ ಉಂಡೆ ಸಿಕ್ಕಿಸಿ, ಜಿಲೇಬಿ ಮೀನಿಗೆ ಕಾಯುತ್ತಾರೆ. ಕಾವಲಿನವನು ಸೀಟಿ ಊದಿದರೆ ದಾರ ಸುತ್ತಿಕೊಂಡು ಓಡುತ್ತಾರೆ. ಬೆಂಗಳೂರು ಎಂಬ ಹೆಸರು ಕಲ್ಲಿನ ಮೇಲೆ ಮೊದಲು ಸಿಗುವುದು ಇದೇ ಊರಿನ, ಸುಮಾರು ಕ್ರಿ.ಶ. 890ರ ಶಾಸನದಲ್ಲಿ. ಅಷ್ಟು ಹಳೆಯ ಊರಿನ ಕೆರೆಯಲ್ಲಿ ಕೊಳಚೆ ನೀರಿಗೆ ಇಲ್ಲದ ತಡೆ ಆ ಹುಡುಗರ ದಾರಕ್ಕೆ ಇದೆ. ಗೆಳೆಯ ಒಮ್ಮೆ ಕಯಾಕನ್ನು ಇಲ್ಲಿ ಇಳಿಸಿ ನೋಡೋಣ ಎಂದಿದ್ದ. ಬಿಡುವುದಿಲ್ಲ ಎಂದೆ. “ಅದೇ ನೋಡು, ಇಲ್ಲಿ ಗಾರ್ಡ್ ಇದಾನೆ, ಅಲ್ಲಿ ಯಾರೂ ಇರ್ಲಿಲ್ಲ” ಎಂದ. ಅಲ್ಲಿ ಅಪ್ಪಯ್ಯ ಇದ್ದರು, ಸೀಟಿ ಇರಲಿಲ್ಲ ಅಷ್ಟೆ.

ಅವನು ಗುಂಪಿನಿಂದ ಆ ಪಿನ್ ಅಳಿಸಿದ್ದಾನೆ. ಇಟ್ಟುಕೊಂಡವರ ಫೋನಿನಲ್ಲಿ ಅದು ಇದ್ದೇ ಇರುತ್ತದೆ, ಅವನಿಗೂ ಗೊತ್ತು. ಮಳೆ ಕಳೆದ ಮೇಲೆ ಮತ್ತೊಮ್ಮೆ ಬರಬೇಕೆಂದಿದ್ದಾನೆ, ಈ ಸಲ ಅಪ್ಪಯ್ಯನಿಗೆ ದಿನದ ದುಡ್ಡು ಕೊಟ್ಟು. ಜೊತೆಗೆ ಅವರ ಅಳತೆಯ ಲೈಫ್ ಜಾಕೆಟ್ ತರುತ್ತಾನಂತೆ. ಮೊನ್ನೆ ಫೋನ್ ಮಾಡಿ ಅಪ್ಪಯ್ಯನನ್ನು ಕೇಳಿದೆ. ಆ ಕಡೆ ಸ್ವಲ್ಪ ಹೊತ್ತು ಮಾತಿಲ್ಲ, ಬಲೆಯ ಮನೆಯವರ ಇಂಜಿನ್ ಸದ್ದು ಮಾತ್ರ ಕೇಳುತ್ತಿತ್ತು.

“ಬರ್ಲಿ ಮಗಾ. ಫೋನ್ ಮನೆಯಂಗ್ ಇಟ್ ಬರ್ಕ್, ಅಷ್ಟೆ.”